ಕ್ಯಾಂಬೋರ್ನ್‌ನಲ್ಲಿ ಅತ್ತೆಯ ತಾತನ ಮನೆ ಹುಡುಕಿದ್ದು

ನಮ್ಮ ಅತ್ತೆ ಹುಟ್ಟಿದ್ದು ಕೆಜಿಎಫ್‌ನಲ್ಲಿ. ಆಂಗ್ಲೋ ಇಂಡಿಯನ್ ಮನೆತನ. ಈಗ ವೈಟ್‌ಫೀಲ್ಡ್‌ನಲ್ಲಿದ್ದಾರೆ, ವಯಸ್ಸು 81. ಅವರ ಹತ್ತಿರ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಇದೆ. ಅದರಲ್ಲಿರುವುದು ಎರಡೇ ವಸ್ತು. ದಪ್ಪ ರಟ್ಟಿಗೆ ಅಂಟಿಸಿದ ಒಂದು ಫೋಟೋ, ಅಂಗೈ ಅಗಲದ ಒಂದು ಬೈಬಲ್. ಎರಡೂ ಅವರ ತಾತನದು.

ನಾನು ಬಂಗಾರಪೇಟೆಯವಳು. ಮದುವೆಯಾದ ಹೊಸದರಲ್ಲಿ ಅತ್ತೆ ಆ ಡಬ್ಬಿ ತೆಗೆದು ತೋರಿಸಿದ್ದರು. "ನಮ್ಮ ತಾತ ಇಂಗ್ಲೆಂಡಿಂದ ಬಂದೋರು ಅಮ್ಮಾ. ರೆಡ್‌ರೂತ್ ಅಂತ ಊರು. ಮೈನ್ ಕ್ಯಾಪ್ಟನ್ ಆಗಿದ್ರು" ಅಂದಿದ್ದರು. ಮೈನ್ ಕ್ಯಾಪ್ಟನ್ ಅಂದರೆ ಗಣಿಯ ಮೇಲ್ವಿಚಾರಕ. ಆಮೇಲೆ ನಮ್ಮವರ ಕೆಲಸದಿಂದಾಗಿ ನಾವು ಬ್ರಿಸ್ಟಲ್‌ಗೆ ಬಂದೆವು. ಒಂದು ದಿನ ಫೋನಿನಲ್ಲಿ ಅತ್ತೆ ಕೇಳಿದರು: "ರೆಡ್‌ರೂತ್ ನಿಮ್ಮನೆಗೆ ಹತ್ರಾನಾ? ತಾತನ ಮನೆಯೋರು ಯಾರು, ಏನು ಅಂತ ಗೊತ್ತಾಗುತ್ತಾ ನೋಡ್ತೀಯಾ?" ನೋಡುತ್ತೇನೆ ಅತ್ತೆ ಅಂದೆ. ಇದಾಗಿ ಮೂರು ವರ್ಷ ಆಯಿತು. ಹೇಗೆ ಹುಡುಕಿದೆ, ಎಲ್ಲಿ ದಾರಿ ತಪ್ಪಿದೆ, ಏನು ಸಿಕ್ಕಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಕೆಜಿಎಫ್ ಕಡೆಯ ಎಷ್ಟೋ ಮನೆಗಳಲ್ಲಿ ಇಂಥ ಡಬ್ಬಿಗಳಿವೆ ಅಂತ ನನಗೆ ಗೊತ್ತು. ಮನೆಯವರ ಹೆಸರುಗಳನ್ನು ಮಾತ್ರ ಬರೆಯುವುದಿಲ್ಲ.

ಮೊದಲು ಕೆಜಿಎಫ್‌ಗೂ ಆ ಊರಿಗೂ ಏನು ನಂಟು ಅಂತ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ನೈಋತ್ಯದ ತುದಿ ಕಾರ್ನ್‌ವಾಲ್. ತಾಮ್ರ ಮತ್ತು ತವರದ ನಾಡು. ರೆಡ್‌ರೂತ್, ಕ್ಯಾಂಬೋರ್ನ್ ಎರಡೂ ಅಲ್ಲಿನ ಗಣಿ ಊರುಗಳು. ಒಂದರಿಂದ ಇನ್ನೊಂದಕ್ಕೆ ಐದಾರು ಕಿಲೋಮೀಟರ್ ಅಷ್ಟೇ. 1866ರಲ್ಲಿ ತಾಮ್ರದ ವ್ಯಾಪಾರ ಕುಸಿದುಬಿತ್ತು. ಆಮೇಲೆ ತವರದ ಬೆಲೆಯೂ ಇಳಿಯಿತು. ಗಣಿ ಕೆಲಸ ಬಿಟ್ಟರೆ ಬೇರೆ ಗೊತ್ತಿಲ್ಲದ ಸಾವಿರಾರು ಜನ ದಕ್ಷಿಣ ಆಸ್ಟ್ರೇಲಿಯಾ, ಅಮೆರಿಕದ ಮಿಶಿಗನ್, ದಕ್ಷಿಣ ಆಫ್ರಿಕಾ ಅಂತ ಹೊರಟರು. 'ಕಸಿನ್ ಜ್ಯಾಕ್' ಅಂತ ಅವರಿಗೆ ಅಡ್ಡಹೆಸರೇ ಬಿತ್ತು. ಕೋಲಾರದ ಗಣಿಗಳನ್ನು 1880ರಿಂದ ನಡೆಸಿದ್ದು ಜಾನ್ ಟೇಲರ್ ಅಂಡ್ ಸನ್ಸ್. ಆ ಕಂಪನಿಯನ್ನು ಕಟ್ಟಿದ ಜಾನ್ ಟೇಲರ್ ಹಿಂದೆ ರೆಡ್‌ರೂತ್ ಪಕ್ಕದ ಗ್ವೆನಪ್‌ನಲ್ಲಿ ದೊಡ್ಡ ತಾಮ್ರದ ಗಣಿ ನಡೆಸಿದವನು. ಹಾಗಾಗಿ ಕೋಲಾರಕ್ಕೆ ಆಳು ಬೇಕಾದಾಗ ಕಂಪನಿಗೆ ಕಾರ್ನ್‌ವಾಲ್ ಗೊತ್ತಿದ್ದ ಜಾಗ.

ನಾನು ಮೊದಲು ಮಾಡಿದ ಕೆಲಸ ಅತ್ತೆಯನ್ನು ಮಾತಾಡಿಸಿದ್ದು. ಪ್ರತಿ ಭಾನುವಾರ ಒಂದು ಗಂಟೆ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ತಾತ ಅಂದರೆ ಯಾರು, ಯಾವಾಗ ತೀರಿಕೊಂಡರು, ಅಜ್ಜಿ ಯಾವ ಊರು, ನಿಮ್ಮಪ್ಪನ ಪೂರ್ತಿ ಹೆಸರೇನು. ಇದನ್ನು ಬಿಟ್ಟು ಯಾರೂ ನೇರವಾಗಿ ಕಂಪ್ಯೂಟರ್ ಮುಂದೆ ಕೂರಬೇಡಿ. ದಾಖಲೆಗಳು ಎಲ್ಲಿಗೂ ಓಡಿಹೋಗುವುದಿಲ್ಲ. ವಯಸ್ಸಾದವರ ನೆನಪು ಹಾಗಲ್ಲ. ಅತ್ತೆ ಹೇಳಿದ್ದರಲ್ಲಿ ಒಂದು ವಿಷಯ ಆಗ ನನಗೆ ಮುಖ್ಯ ಅನ್ನಿಸಲಿಲ್ಲ. ಅವರಪ್ಪನಿಗೆ ಒಂದು ವಿಚಿತ್ರವಾದ ನಡುಹೆಸರು ಇತ್ತು. ಯಾರೂ ಕೇಳಿರದ ಹೆಸರು. ಏಕೆ ಇಟ್ಟರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬರೆದುಕೊಂಡೆ, ಮರೆತೆ.

ಮುಂದಿನ ಹೆಜ್ಜೆ ತಾತನ ಮದುವೆ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಚರ್ಚುಗಳಲ್ಲಿ ಆದ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪ್ರತಿ ಬರೆದು ಲಂಡನ್‌ಗೆ ಕಳಿಸುತ್ತಿದ್ದರು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಬಂಗಾಳ, ಮದ್ರಾಸ್, ಬಾಂಬೆ ಅಂತ ಮೂರು ಭಾಗ. ಮೈಸೂರು ಸಂಸ್ಥಾನದ ಚರ್ಚುಗಳದ್ದು ಮದ್ರಾಸ್ ಭಾಗದಲ್ಲಿ ಬರುತ್ತದೆ. ಇದು ಗೊತ್ತಿಲ್ಲದೆ ನಾನು ಮೈಸೂರು ಅಂತ ಹುಡುಕುತ್ತಾ ಎರಡು ವಾರ ಕಳೆದಿದ್ದೆ. 'ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ' ಅಂತ ಒಂದು ಸಂಘ ಇದೆ. ಅವರ ಸೂಚಿಯನ್ನು ದುಡ್ಡು ಕೊಡದೆ ಹುಡುಕಬಹುದು. ತಾತನ ಮದುವೆ ಸಾಲು ಅಲ್ಲಿ ಸಿಕ್ಕಿತು. ಆಮೇಲೆ ಮೂಲ ಪುಟದ ಚಿತ್ರ ನೋಡಿದೆ. 1898. ಗಂಡಿನ ವಯಸ್ಸು 28. ಮೊದಲ ಮದುವೆ. ವಾಸ ಕೆಜಿಎಫ್‌ನ ಚಾಂಪಿಯನ್ ರೀಫ್. ಉದ್ಯೋಗ ಮೈನರ್, ಅಂದರೆ ಗಣಿ ಕೆಲಸಗಾರ. ಕೊನೆಯ ಕಾಲಂನಲ್ಲಿ ತಂದೆಯ ಹೆಸರು.

ಮೈನರ್. ಕ್ಯಾಪ್ಟನ್ ಅಲ್ಲ. ಆಗ ಮದುವೆಯಾದ ಮೇಲೆ ಬಡ್ತಿ ಸಿಕ್ಕಿರಬಹುದು ಅಂದುಕೊಂಡು ಮುಂದೆ ಹೋದೆ. ಅಲ್ಲೇ ಸ್ವಲ್ಪ ನಿಲ್ಲಬೇಕಿತ್ತು.

1898ಕ್ಕೆ 28 ಅಂದರೆ ಹುಟ್ಟಿದ್ದು 1870ರ ಆಸುಪಾಸು. ಇಂಗ್ಲೆಂಡಿನಲ್ಲಿ ಸರ್ಕಾರದ ಜನನ ಮರಣ ನೋಂದಣಿ ಶುರುವಾದದ್ದು 1837ರ ಜುಲೈ 1ರಿಂದ. ಜನಗಣತಿ ಹತ್ತು ವರ್ಷಕ್ಕೊಮ್ಮೆ. 1841ರಿಂದ ಎಲ್ಲರ ಹೆಸರು ಸಿಗುತ್ತದೆ. 1841ರಲ್ಲಿ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. 44 ಆಗಿದ್ದರೂ 40 ಅಂತಿರುತ್ತದೆ. 1851ರಿಂದ ಪರವಾಗಿಲ್ಲ. ಸರಿಯಾದ ವಯಸ್ಸು, ಮನೆಯ ಯಜಮಾನನಿಗೆ ಏನಾಗಬೇಕು, ಹುಟ್ಟಿದ ಊರು ಎಲ್ಲ ಇರುತ್ತದೆ. ನನಗೆ ಬೇಕಾಗಿದ್ದು 1871 ಮತ್ತು 1881. ಆ ಹುಡುಗ ಒಂದು ವರ್ಷದವನಾಗಿ ಒಂದರಲ್ಲಿ, ಹನ್ನೊಂದು ವರ್ಷದವನಾಗಿ ಇನ್ನೊಂದರಲ್ಲಿ ಇರಬೇಕು.

ರೆಡ್‌ರೂತ್‌ನಲ್ಲಿ ಇರಲಿಲ್ಲ. ಸುತ್ತ ಎಲ್ಲ ಹುಡುಕಿದೆ. ಕೊನೆಗೆ ಅತ್ತೆಗೆ ಹೇಳಿ ಡಬ್ಬಿಯ ಫೋಟೋದ ಹಿಂಬದಿಯ ಚಿತ್ರ ತರಿಸಿಕೊಂಡೆ. ಆ ಕಾಲದಲ್ಲಿ ಫೋಟೋ ತೆಗೆದವರು ರಟ್ಟಿನ ಹಿಂದೆ ತಮ್ಮ ಅಂಗಡಿಯ ಹೆಸರು, ಊರು ಅಚ್ಚು ಹಾಕಿಸುತ್ತಿದ್ದರು. ಇದರ ಹಿಂದೆ ರೆಡ್‌ರೂತ್ ಅಂತಿತ್ತು. ಮನೆಯವರೆಲ್ಲ ಮೂರು ತಲೆಮಾರು ತಾತನ ಊರು ಅಂದುಕೊಂಡಿದ್ದು ಫೋಟೋ ಅಂಗಡಿಯ ಊರು! ಬೈಬಲ್ ತೆಗೆಯಿರಿ ಅತ್ತೆ ಅಂದೆ. ಮೊದಲ ಹಾಳೆಯಲ್ಲಿ ಸಂಡೇ ಸ್ಕೂಲ್ ಬಹುಮಾನ ಅಂತ ಬರೆದಿತ್ತು, ವರ್ಷ 1881. ಊರಿನ ಹೆಸರನ್ನು ಹುಳು ತಿಂದಿತ್ತು. ಉಳಿದಿದ್ದು ಕೊನೆಯ ಅಕ್ಷರಗಳು, 'ಬೋರ್ನ್'.

ಕ್ಯಾಂಬೋರ್ನ್ ಅಂತ ಹುಡುಕಿದರೆ ಒಬ್ಬನಲ್ಲ, ಇಬ್ಬರು ಸಿಕ್ಕರು. ಒಂದೇ ಹೆಸರು. ಒಬ್ಬ 1869, ಇನ್ನೊಬ್ಬ 1870. ಇಬ್ಬರ ಅಪ್ಪಂದಿರ ಹೆಸರೂ ಒಂದೇ. ಕಾರ್ನ್‌ವಾಲ್‌ನಲ್ಲಿ ಇದು ಮಾಮೂಲು. ಟ್ರೆ, ಪೋಲ್, ಪೆನ್ ಅಂತ ಶುರುವಾಗುವ ಮನೆ ಹೆಸರುಗಳು ಬೀದಿಗೆ ಹತ್ತು ಮನೆ. ಅದರ ಮುಂದೆ ಜಾನ್, ವಿಲಿಯಂ, ಥಾಮಸ್, ಈ ಮೂರರಲ್ಲಿ ಒಂದು. ನಮ್ಮ ಕಡೆ ಒಂದೇ ಊರಲ್ಲಿ ನಾಲ್ಕು ಜನ ವೆಂಕಟೇಶಪ್ಪ ಇದ್ದ ಹಾಗೆ.

ಇಬ್ಬರಲ್ಲಿ ಒಬ್ಬನ ಅಪ್ಪನ ಉದ್ಯೋಗದ ಮುಂದೆ 'ಮೈನ್ ಏಜೆಂಟ್' ಅಂತಿತ್ತು. ಗಣಿಯವರು ಕ್ಯಾಪ್ಟನ್ ಅನ್ನುವುದು ಅವರನ್ನೇ. ನನಗೆ ಅಷ್ಟೇ ಸಾಕಾಯಿತು. ಕ್ಯಾಪ್ಟನ್ ಮನೆತನ ಅಂತ ಅತ್ತೆ ಹೇಳಿದ್ದು ಇದೇ, ತಾತ ಅಲ್ಲದಿದ್ದರೆ ತಾತನ ಅಪ್ಪ ಅಂತ ತೀರ್ಮಾನ ಮಾಡಿಬಿಟ್ಟೆ. ಏಳು ತಿಂಗಳು ಆ ಮನೆತನದ ಹಿಂದೆ ಹೋದೆ. ಚರ್ಚಿನ ಪುಸ್ತಕಗಳಲ್ಲಿ 1780ರ ದಶಕದವರೆಗೂ ಹೋಗಿದ್ದೆ. ದೊಡ್ಡ ಚಾರ್ಟ್ ಬರೆದು ಅತ್ತೆಗೆ ಕಳಿಸಿಯೂ ಆಗಿತ್ತು.

ಒಂದು ರಾತ್ರಿ ಬೇರೇನೋ ಹುಡುಕುತ್ತಾ 1901ರ ಜನಗಣತಿ ತೆರೆದೆ. ಆ ಹುಡುಗ ಅಲ್ಲಿದ್ದ. ವಯಸ್ಸು 31. ಹೆಂಡತಿ, ಮೂರು ಮಕ್ಕಳು. ವಾಸ ಕ್ಯಾಂಬೋರ್ನ್. ನಮ್ಮ ತಾತ 1898ರಲ್ಲಿ ಕೋಲಾರದಲ್ಲಿ ಮದುವೆಯಾಗಿ 1901ರಲ್ಲಿ ಚಾಂಪಿಯನ್ ರೀಫ್‌ನಲ್ಲಿ ಸಂಸಾರ ಮಾಡುತ್ತಿದ್ದರು. ಹಾಗಾದರೆ ನಾನು ಏಳು ತಿಂಗಳು ಬೇರೆ ಯಾರದೋ ಅಜ್ಜ ಮುತ್ತಜ್ಜಂದಿರನ್ನು ಹುಡುಕಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅತ್ತೆಗೆ ಹೇಳಲೇಬೇಕಿತ್ತು, ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೋಗ್ಲಿ ಬಿಡು ಅಮ್ಮಾ. ಇನ್ನೊಬ್ಬ ಹುಡುಗ ಇದ್ನಲ್ಲ, ಅವನನ್ನ ನೋಡು" ಅಂದರು.

ಹೊಸದಾಗಿ ಶುರು ಮಾಡುವವರಿಗೆ ನಾನು ಕೈ ಹಿಡಿದು ಹೇಳುವುದು ಇದೊಂದೇ. ಒಬ್ಬ ಮನುಷ್ಯ ಸಿಕ್ಕ ಕೂಡಲೇ ಅವನ ಅಪ್ಪನನ್ನು ಹುಡುಕಲು ಹಿಂದಕ್ಕೆ ಹೋಗಬೇಡಿ. ಮೊದಲು ಅವನನ್ನೇ ಮುಂದಕ್ಕೆ ಹಿಂಬಾಲಿಸಿ. ಚಿಕ್ಕಂದಿನಲ್ಲೇ ಸತ್ತನಾ? ಅದೇ ಊರಲ್ಲಿ ಮದುವೆಯಾದನಾ? ಮುಂದಿನ ಗಣತಿಯಲ್ಲಿ ಇದ್ದಾನಾ? ನಿಮ್ಮವನು ಬೇರೆ ದೇಶಕ್ಕೆ ಹೋದವನಾದರೆ ಅವನು ಅಲ್ಲಿ ಕಾಣಬಾರದು. ಅರ್ಧ ಗಂಟೆಯ ಕೆಲಸ ಇದು. ಮಾಡಿದ್ದರೆ ನನ್ನ ಏಳು ತಿಂಗಳು ಉಳಿಯುತ್ತಿತ್ತು.

ಎರಡನೇ ಹುಡುಗ 1891ರಲ್ಲಿ ಕ್ಯಾಂಬೋರ್ನ್‌ನಲ್ಲಿದ್ದ, ತವರದ ಗಣಿ ಕೆಲಸಗಾರ. 1901ರಲ್ಲಿ ಇರಲಿಲ್ಲ. ಸಾವಿನ ದಾಖಲೆಯೂ ಇರಲಿಲ್ಲ. ಆದರೂ ಈ ಸಲ ನನಗೆ ಗಟ್ಟಿ ಸಾಕ್ಷಿ ಬೇಕಿತ್ತು. ಇಂಗ್ಲೆಂಡಿನ ಜನನ ಪ್ರಮಾಣಪತ್ರದಲ್ಲಿ ತಾಯಿಯ ತವರಿನ ಹೆಸರು ಇರುತ್ತದೆ. ಜನನ ಮರಣದ ದಾಖಲೆ ಇಡುವ ಜನರಲ್ ರಿಜಿಸ್ಟರ್ ಆಫೀಸಿನಿಂದ ಆ ಹುಡುಗನದನ್ನು ತರಿಸಿದೆ. ತೆರೆದು ತಾಯಿಯ ಕಾಲಂ ನೋಡಿದೆ. ಅವಳ ತವರು ಮನೆ ಹೆಸರು ಎಲ್ಲೋ ಕೇಳಿದ ಹಾಗಿತ್ತು. ಹಳೇ ನೋಟ್‌ಬುಕ್ ತೆಗೆದು ಹುಡುಕಿದೆ. ಅತ್ತೆಯ ಅಪ್ಪನ ಆ ವಿಚಿತ್ರ ನಡುಹೆಸರು ಅದೇ!

ಅಮ್ಮನ ತವರು ಮನೆ ಹೆಸರನ್ನು ಮಗನಿಗೋ ಮೊಮ್ಮಗನಿಗೋ ನಡುಹೆಸರಾಗಿ ಇಡುವ ಪದ್ಧತಿ ಅಲ್ಲಿತ್ತು ಅಂತ ಆಮೇಲೆ ತಿಳಿಯಿತು. ಕೋಲಾರದಲ್ಲಿ ಕೂತು, ಮತ್ತೆ ನೋಡುತ್ತೇನೋ ಇಲ್ಲವೋ ಅನ್ನುವ ಅಮ್ಮನ ಹೆಸರನ್ನು ಆ ಮನುಷ್ಯ ಮಗನಿಗೆ ಇಟ್ಟಿದ್ದ. ನಾನು ಅತ್ತೆಗೆ ಫೋನ್ ಮಾಡಿ ಆ ಹೆಸರು ಓದಿದೆ. "ನಮ್ಮಪ್ಪನ ಹೆಸರು ಅದು, ನಿಂಗೆ ಅಲ್ಲಿ ಹೇಗೆ ಸಿಕ್ತು?" ಅಂತ ಕೇಳಿದರು. ಅವರ ಅಜ್ಜಿಯ ಹೆಸರು, ನಿಮ್ಮ ಮುತ್ತಜ್ಜಿ ಅತ್ತೆ ಅಂದೆ. ಅವರಿಗೆ ಮಾತೇ ಹೊರಡಲಿಲ್ಲ.

ಇನ್ನು ಮುಂದೆ ನಾನು ತಾತನಿಗಿಂತ ಜಾಸ್ತಿ ಈ ಮುತ್ತಜ್ಜಿಯ ಹಿಂದೆ ಹೋದೆ.

1851ರ ಜನಗಣತಿಯಲ್ಲಿ ಅವಳಿಗೆ 13 ವರ್ಷ. ಉದ್ಯೋಗದ ಕಾಲಂ ಖಾಲಿ ಇಲ್ಲ. ತಾಮ್ರದ ಅದಿರು ಹಸನು ಮಾಡುವವಳು ಅಂತ ಬರೆದಿದೆ. ಗಣಿಯ ಮೇಲೆ, ಬಯಲಲ್ಲಿ, ಸುತ್ತಿಗೆಯಿಂದ ಕಲ್ಲು ಒಡೆದು ಅದಿರು ಬೇರ್ಪಡಿಸುವ ಕೆಲಸ. ಇಂಥ ಹೆಣ್ಣುಮಕ್ಕಳನ್ನು ಅಲ್ಲಿ 'ಬಾಲ್ ಮೇಡನ್' ಅನ್ನುತ್ತಿದ್ದರು. ಬಾಲ್ ಅಂದರೆ ಕಾರ್ನಿಷ್ ಭಾಷೆಯಲ್ಲಿ ಗಣಿ. ಬಿಸಿಲಿಗೆ, ಸಿಡಿಯುವ ಚೂರಿಗೆ ಮುಖ ಕತ್ತು ಮುಚ್ಚುವ ಬಟ್ಟೆಯ ಟೋಪಿ ಹಾಕುತ್ತಿದ್ದರು. ಮದುವೆಯಾದದ್ದು 1859ರಲ್ಲಿ. ಗಂಡ 1861ರಲ್ಲಿ ತಾಮ್ರದ ಗಣಿ ಕೆಲಸಗಾರ, 1871ರಲ್ಲಿ ತವರದ ಗಣಿ ಕೆಲಸಗಾರ. 1866ರಲ್ಲಿ ಆ ನಾಡಿಗೆ ಆದದ್ದು ಒಂದು ಮನೆಯಲ್ಲಿ ಹೀಗೆ ಒಂದು ಪದದ ಬದಲಾವಣೆಯಾಗಿ ಕಾಣುತ್ತದೆ. 1883ರಲ್ಲಿ ಗಂಡ ಸತ್ತ. ವಯಸ್ಸು 46. ಕಾರಣ 'ಥೈಸಿಸ್', ಎದೆ ಕ್ಷಯ. ಕಲ್ಲಿನ ಧೂಳು ಕುಡಿದ ಗಣಿ ಕೆಲಸಗಾರರ ಸಾವಿನ ಪತ್ರಗಳಲ್ಲಿ ಈ ಪದ ಎಷ್ಟು ಸಲ ಬರುತ್ತದೆ ಅಂದರೆ, ಓದುತ್ತಾ ಓದುತ್ತಾ ನನಗೇ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಕೆಜಿಎಫ್ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ 1911ರ ಜನಗಣತಿಯ ವಿಷಯ. ಅದಕ್ಕಿಂತ ಹಿಂದಿನ ಗಣತಿಗಳಲ್ಲಿ ನಾವು ನೋಡುವುದು ಗಣತಿದಾರ ತನ್ನ ಪುಸ್ತಕಕ್ಕೆ ನಕಲು ಮಾಡಿದ್ದು. 1911ರದ್ದು ಹಾಗಲ್ಲ. ಮನೆಯವರೇ ತುಂಬಿದ ಫಾರಂ ಉಳಿದಿದೆ. ಮನೆಯವರದೇ ಕೈಬರಹ, ಮನೆಯವರದೇ ತಪ್ಪುಗಳು. ಆ ವರ್ಷ ಒಂದು ಹೊಸ ಪ್ರಶ್ನೆ ಇತ್ತು. ಮದುವೆಯಾದ ಹೆಂಗಸಿಗೆ ಈ ಮದುವೆಯಲ್ಲಿ ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಬದುಕಿವೆ, ಎಷ್ಟು ತೀರಿಕೊಂಡಿವೆ? ಗಂಡ ಇರುವವರು ಮಾತ್ರ ಉತ್ತರಿಸಬೇಕಿತ್ತು. ವಿಧವೆಯರನ್ನು ಕೇಳಿರಲಿಲ್ಲ.

ಮುತ್ತಜ್ಜಿಗೆ ಆಗ 73. ವಿಧವೆ. ಜೊತೆಯಲ್ಲಿ ಮದುವೆಯಾಗದ ಮಗಳು, ವಯಸ್ಸು 43, ಬಟ್ಟೆ ಹೊಲಿಯುವವಳು. ಆ ಕಾಲಂ ಖಾಲಿ ಬಿಡಬೇಕಿತ್ತು. ಬಿಟ್ಟಿಲ್ಲ. 9, 4, 5 ಅಂತ ಬರೆದಿದೆ. ಒಂಬತ್ತು ಹುಟ್ಟಿದವು, ನಾಲ್ಕು ಇವೆ, ಐದು ಹೋದವು. ಬೇಕಾಗಿಲ್ಲ ಅಂತ ಅಧಿಕಾರಿ ಅದರ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಾನೆ. ಗೆರೆಯ ಕೆಳಗೆ ಅಂಕಿ ನಿಚ್ಚಳವಾಗಿ ಕಾಣುತ್ತದೆ. ಇಂಥ ಫಾರಂಗಳು ಇನ್ನೂ ಎಷ್ಟೋ ಇವೆಯಂತೆ. ಕೇಳದಿದ್ದರೂ ವಿಧವೆಯರು ಲೆಕ್ಕ ಕೊಟ್ಟಿದ್ದಾರೆ.

ನನ್ನ ಪಟ್ಟಿಯಲ್ಲಿ ಎಂಟೇ ಮಕ್ಕಳಿದ್ದರು.

ಗಣತಿಗಳಿಂದ, ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳಿಂದ ಎಂಟು ಹೆಸರು ಸಿಕ್ಕಿದ್ದವು. ಒಂಬತ್ತನೆಯದು ಯಾವುದು? ಅಮ್ಮ ತಪ್ಪು ಲೆಕ್ಕ ಹೇಳಿರುತ್ತಾಳಾ? ಹೇಳಿರಲಾರಳು ಅನ್ನಿಸಿತು. ಇಲ್ಲಿ ಉಪಯೋಗಕ್ಕೆ ಬಂದದ್ದು ಜನರಲ್ ರಿಜಿಸ್ಟರ್ ಆಫೀಸಿನ ಆನ್‌ಲೈನ್ ಸೂಚಿ. ಹಳೇ ಮುದ್ರಿತ ಸೂಚಿಯಲ್ಲಿ ತಾಯಿಯ ತವರು ಹೆಸರು ಬರುವುದು 1911ರಿಂದ ಈಚೆಗೆ ಮಾತ್ರ. ಆಫೀಸಿನ ಹೊಸ ಸೂಚಿಯಲ್ಲಿ 1837ರಿಂದಲೂ ಇದೆ. ಹಾಗಾಗಿ ಮನೆ ಹೆಸರು, ತಾಯಿಯ ತವರು ಹೆಸರು, ನೋಂದಣಿ ಜಿಲ್ಲೆ ಮೂರನ್ನೂ ಕೊಟ್ಟು ಒಂದು ದಂಪತಿಯ ಎಲ್ಲ ಮಕ್ಕಳನ್ನೂ ಹುಡುಕಬಹುದು. ಕ್ಯಾಂಬೋರ್ನ್ ಇದ್ದದ್ದು ರೆಡ್‌ರೂತ್ ನೋಂದಣಿ ಜಿಲ್ಲೆಯಲ್ಲಿ. ಊರಿನ ಹೆಸರು ಹಾಕಿದರೆ ಏನೂ ಬರುವುದಿಲ್ಲ, ಜಿಲ್ಲೆಯ ಹೆಸರೇ ಹಾಕಬೇಕು. ಇನ್ನೊಂದು, ಸೂಚಿ ಮೂರು ಮೂರು ತಿಂಗಳಿನದು, ಮತ್ತು ಅದು ನೋಂದಣಿಯಾದ ದಿನದ ಲೆಕ್ಕ. ಹುಟ್ಟಿದ ಆರು ವಾರದೊಳಗೆ ಬರೆಸಿದರೆ ಆಗುತ್ತಿತ್ತು. ಡಿಸೆಂಬರಿನಲ್ಲಿ ಹುಟ್ಟಿದ ಮಗು ಮುಂದಿನ ವರ್ಷದ ಮಾರ್ಚ್ ಪಟ್ಟಿಯಲ್ಲಿ ಇರಬಹುದು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಜಾಸ್ತಿ ಜನ ಎಡವುವುದು ಇಲ್ಲೇ.

ಆ ಸೂಚಿ ಒಂದೊಂದು ಸಲಕ್ಕೆ ಕೆಲವೇ ವರ್ಷಗಳನ್ನು ತೋರಿಸುತ್ತದೆ. 1859ರಿಂದ ಶುರು ಮಾಡಿ ಗಂಡು ಒಂದು ಸಲ, ಹೆಣ್ಣು ಒಂದು ಸಲ ಹುಡುಕುತ್ತಾ ಬಂದೆ. 1860, 1862, 1864, ಎಲ್ಲ ನನ್ನ ಪಟ್ಟಿಯಲ್ಲಿದ್ದವೇ. 1873ರ ಜೂನ್ ಪಟ್ಟಿಯಲ್ಲಿ ಒಂದು ಹೆಣ್ಣು ಮಗು. ನನ್ನ ಪಟ್ಟಿಯಲ್ಲಿ ಇಲ್ಲದ್ದು. ಅಮ್ಮನ ಹೆಸರನ್ನೇ ಇಟ್ಟಿದ್ದಾರೆ. ಅದೇ ಮೂರು ತಿಂಗಳ ಮರಣದ ಪಟ್ಟಿ ತೆರೆದೆ. ಅಲ್ಲೂ ಅದೇ ಹೆಸರು, ವಯಸ್ಸು ಸೊನ್ನೆ.

1871ರ ಗಣತಿ ಆದ ಮೇಲೆ ಹುಟ್ಟಿ, 1881ರ ಗಣತಿಗೆ ಮೊದಲೇ ಹೋದ ಮಗು. ಯಾವ ಗಣತಿಗೂ ಸಿಕ್ಕಿಲ್ಲ. ಮರಣ ಪತ್ರದ ಪಿಡಿಎಫ್ ತರಿಸಿದೆ. ಐದು ವಾರದ ಮಗು. ಕಾರಣ ಸೆಳವು. ಸಾವನ್ನು ಬರೆಸಲು ಬಂದವಳು ತಾಯಿ. ಅವಳ ಹೆಸರಿನ ಜೊತೆ ಒಂದು ಗುಣಿಸು ಗುರುತು ಇದೆ. ಓದು ಬರಹ ಬಾರದವರು ಸಹಿಯ ಬದಲು ಹಾಕುತ್ತಿದ್ದ ಗುರುತು ಅದು. ನಮ್ಮಲ್ಲಿ ಹೆಬ್ಬೆಟ್ಟು ಒತ್ತಿದ ಹಾಗೆ.

ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಹಾಗಾದರೆ 1911ರ ಆ ಫಾರಂ ತುಂಬಿದ್ದು ಹೊಲಿಗೆ ಕೆಲಸದ ಮಗಳೇ ಇರಬೇಕು. 1873ರಲ್ಲಿ ಆ ಮಗಳಿಗೆ ಐದು ವರ್ಷ. ಅಮ್ಮ ಪಕ್ಕದಲ್ಲಿ ಕೂತು ಒಂಬತ್ತು ಅಂತ ಹೇಳಿದ್ದಾಳೆ, ಮಗಳು ಬರೆದಿದ್ದಾಳೆ. ಐದು ವಾರ ಬದುಕಿದ ಮಗುವನ್ನು 38 ವರ್ಷ ಆದ ಮೇಲೂ ಅವಳು ಲೆಕ್ಕದಿಂದ ಬಿಟ್ಟಿಲ್ಲ. ಬದುಕಿರುವ ನಾಲ್ಕರಲ್ಲಿ ಒಬ್ಬ ಕೋಲಾರದಲ್ಲಿದ್ದ ನಮ್ಮ ತಾತ.

ಆ ವರ್ಷದ ಬೇಸಿಗೆಯಲ್ಲಿ ಕ್ಯಾಂಬೋರ್ನ್‌ಗೆ ಹೊರಟೆ. ಬ್ರಿಸ್ಟಲ್‌ನಿಂದ ರೈಲು. ಪ್ಲಿಮತ್ ದಾಟಿದ ಕೂಡಲೇ ಟೇಮರ್ ನದಿಯ ಮೇಲೆ 1859ರಲ್ಲಿ ಬ್ರೂನೆಲ್ ಕಟ್ಟಿದ ಸೇತುವೆ ಬರುತ್ತದೆ. ಅದರಾಚೆ ಕಾರ್ನ್‌ವಾಲ್. ಮೊದಲು ಇಳಿದದ್ದು ರೆಡ್‌ರೂತ್‌ನಲ್ಲಿ. ಅಲ್ಲಿ 'ಕ್ರೆಸೆನ್ ಕೆರ್ನೋ' ಅಂತ ಇಡೀ ಕಾರ್ನ್‌ವಾಲ್‌ನ ದಾಖಲೆಗಳನ್ನು ಇಟ್ಟಿರುವ ಕೇಂದ್ರ ಇದೆ. ಹಳೇ ಬಿಯರ್ ಕಾರ್ಖಾನೆಯನ್ನು ಸರಿಪಡಿಸಿ 2019ರಲ್ಲಿ ತೆರೆದದ್ದು. ಏನು ಬೇಕು ಅಂತ ಮೊದಲೇ ಬರೆದು ತಿಳಿಸಿದ್ದರೆ ತೆಗೆದಿಟ್ಟಿರುತ್ತಾರೆ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ.

ಎಲ್ಲ ಆನ್‌ಲೈನ್ ಇರುವಾಗ ಅಲ್ಲಿಗೆ ಯಾಕೆ ಹೋಗಬೇಕು ಅಂತ ಕೇಳಬಹುದು. ಎಲ್ಲವೂ ಆನ್‌ಲೈನ್ ಇಲ್ಲ. ಗಣಿಗಳ ಲೆಕ್ಕದ ಪುಸ್ತಕಗಳು, ಮೆಥಡಿಸ್ಟ್ ಪ್ರಾರ್ಥನಾ ಮಂದಿರಗಳ ಪುಸ್ತಕಗಳು ಅಲ್ಲಿವೆ. ಈ ಸೀಮೆಯಲ್ಲಿ ಗಣಿ ಜನ ಬಹುಪಾಲು ಮೆಥಡಿಸ್ಟರು, ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ಬೇರೆಯಾದ ಒಂದು ಕ್ರೈಸ್ತ ಪಂಥದವರು. ಆ ಪಂಥ ಶುರು ಮಾಡಿದ ಜಾನ್ ವೆಸ್ಲಿ ನಿಂತು ಬೋಧನೆ ಮಾಡಿದ ಗ್ವೆನಪ್ ಹಳ್ಳ ರೆಡ್‌ರೂತ್ ಹತ್ತಿರವೇ ಇದೆ. ಊರಿನ ಚರ್ಚಿನ ಪುಸ್ತಕದಲ್ಲಿ ಮಗು ಸಿಗಲಿಲ್ಲ ಅಂದರೆ ಮಗು ಇರಲಿಲ್ಲ ಅಂತಲ್ಲ, ಮೆಥಡಿಸ್ಟ್ ಪುಸ್ತಕದಲ್ಲಿ ನೋಡಬೇಕು. ಮಣ್ಣು ಮಾಡಿದ್ದು ಮಾತ್ರ ಬಹಳ ಸಲ ಊರ ಚರ್ಚಿನ ಅಂಗಳದಲ್ಲೇ. ಅಲ್ಲಿ ಸಮಾಧಿ ಪುಸ್ತಕದ ಆ ಪುಟ ತೆರೆದು ನೋಡಿದೆ. 1813ರಿಂದ ಇಂಗ್ಲೆಂಡಿನಲ್ಲೆಲ್ಲ ಅಚ್ಚು ಹಾಕಿದ ಒಂದೇ ನಮೂನೆ. ಹೆಸರು, ವಾಸ, ಮಣ್ಣು ಮಾಡಿದ ದಿನ, ವಯಸ್ಸು, ಪಾದ್ರಿಯ ಸಹಿ. ಒಂದು ಪುಟಕ್ಕೆ ಎಂಟು ಜನ. ಆ ಪುಟದ ಎಂಟರಲ್ಲಿ ಐದು ಮಕ್ಕಳು. ನಮ್ಮ ಮಗು ಮೇಲಿನಿಂದ ಆರನೆಯದು.

ಮಧ್ಯಾಹ್ನ ಕ್ಯಾಂಬೋರ್ನ್‌ಗೆ ಹೋದೆ. ದಾರಿಯಲ್ಲಿ ಪೂಲ್ ಹತ್ತಿರ ಸೌತ್ ಕ್ರಾಫ್ಟಿ ಗಣಿಯ ಹೆಡ್‌ಗೇರ್, ಅಂದರೆ ಗಣಿ ಬಾವಿಯ ಮೇಲಿನ ಗೋಪುರ, ನಿಂತಿದೆ. 1998ರಲ್ಲಿ ಮುಚ್ಚಿದ ಗಣಿ. ಕಂಡ ಕೂಡಲೇ ನನಗೆ ಚಾಂಪಿಯನ್ ರೀಫ್ ನೆನಪಾಯಿತು. ಕೆಜಿಎಫ್ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ. ಆ ದಿನ ನಮ್ಮ ಬಂಗಾರಪೇಟೆಯ ಮನೆಯಲ್ಲೂ ಒಲೆ ಹಚ್ಚುವ ಮನಸ್ಸು ಯಾರಿಗೂ ಇರಲಿಲ್ಲ. ಊರಿನ ಲೈಬ್ರರಿ ಮುಂದೆ ರಿಚರ್ಡ್ ಟ್ರೆವಿಥಿಕ್ ಪ್ರತಿಮೆ ಇದೆ. 1801ರ ಕ್ರಿಸ್‌ಮಸ್ ಹಿಂದಿನ ದಿನ ಹಬೆಯ ಗಾಡಿಯನ್ನು ಈ ಊರಿನ ದಿಣ್ಣೆ ಹತ್ತಿಸಿದ ಮನುಷ್ಯ. ಅದರ ಪಕ್ಕದ ಬೆಂಚಿನಲ್ಲಿ ಕೂತು ಒಂದು ಪಾಸ್ಟಿ ತಿಂದೆ. ನಮ್ಮ ಕರ್ಜಿಕಾಯಿ ಥರ ಅಂಚು ಮಡಿಸಿದ್ದು, ಒಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ. ಅತ್ತೆ ಕ್ರಿಸ್‌ಮಸ್‌ಗೆ ಮಾಡುವುದು ಇದನ್ನೇ, ಹಸಿಮೆಣಸಿನಕಾಯಿ ಹಾಕಿ.

ಮುತ್ತಜ್ಜಿಯ ಮನೆ ಹುಡುಕಲು ಹಳೇ ನಕ್ಷೆ ಬೇಕಾಯಿತು. ಮನೆ ನಂಬರ್‌ಗಳು ಬದಲಾಗಿರುತ್ತವೆ, ನಂಬಬೇಡಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದವರು ಇಂಗ್ಲೆಂಡಿನ ಹಳೇ ಸರ್ವೆ ನಕ್ಷೆಗಳನ್ನೂ ಆನ್‌ಲೈನ್ ಹಾಕಿದ್ದಾರೆ, ದುಡ್ಡಿಲ್ಲ. ಒಂದೊಂದು ಮನೆಯೂ ಕಾಣುವಷ್ಟು ದೊಡ್ಡದಾಗಿದೆ. ಗಣತಿದಾರ ನಡೆದ ದಾರಿಯನ್ನು ನಕ್ಷೆಯ ಮೇಲೆ ಬೆರಳಿಟ್ಟು ಹಿಂಬಾಲಿಸಿದೆ. ಬೀದಿ ತುದಿಯ ಹೆಂಡದಂಗಡಿಯಿಂದ ಎಣಿಸಿದರೆ ಏಳನೇ ಮನೆ. ಗೋಡೆಗೆ ಗೋಡೆ ಅಂಟಿದ ಸಾಲು ಮನೆ, ಬೂದು ಗ್ರಾನೈಟ್, ಒಂದು ಬಾಗಿಲು, ಎರಡು ಕಿಟಕಿ. ಅತ್ತೆಗೆ ವೀಡಿಯೋ ಕಾಲ್ ಮಾಡಿ ತೋರಿಸಿದೆ. ಅವರು ಜಾಸ್ತಿ ಏನೂ ಮಾತಾಡಲಿಲ್ಲ. ಬಾಗಿಲು ತೋರಿಸು ಅಂದರು. ತೋರಿಸಿದೆ. "ಅಷ್ಟು ಚಿಕ್ಕ ಮನೇಲಿ ಒಂಬತ್ತು ಮಕ್ಳು" ಅಂದರು. ತಾತ ಕ್ಯಾಪ್ಟನ್ ಅಲ್ಲ ಅಂತ ನಾನು ಮೊದಲೇ ಹೇಳಿದ್ದೆ. ಅದರ ಬಗ್ಗೆ ಅವರು ಮತ್ತೆ ಕೇಳಲೇ ಇಲ್ಲ.

ಚರ್ಚಿನ ಅಂಗಳದಲ್ಲಿ ಎರಡು ಗಂಟೆ ಹುಡುಕಿದೆ. ನಮ್ಮವರ ಕಲ್ಲು ಒಂದೂ ಇಲ್ಲ. ಕಲ್ಲು ಹಾಕಿಸಲು ದುಡ್ಡು ಬೇಕಿತ್ತು. ಒಂದು ಹಿಡಿ ಹೂವು ಗೋಡೆಯ ಪಕ್ಕ ಇಟ್ಟು ಬಂದೆ.

ಆಮೇಲೆ ಮುತ್ತಜ್ಜಿಯ ತವರಿನ ಕಡೆಯಿಂದ ಚರ್ಚಿನ ಪುಸ್ತಕಗಳಲ್ಲಿ 1740ರ ಹತ್ತಿರ ಹೋಗಿದ್ದೇನೆ. ಅದರ ವಿವರ ಇಲ್ಲಿ ಬೇಡ. ಕಾರ್ನ್‌ವಾಲ್‌ನಲ್ಲಿ ಸ್ವಯಂಸೇವಕರು ಒಂದೊಂದು ಊರಿನ ಚರ್ಚಿನ ಪುಸ್ತಕಗಳನ್ನು ಓದಿ ಟೈಪ್ ಮಾಡಿ ಎಲ್ಲರಿಗೂ ಬಿಟ್ಟಿದ್ದಾರೆ. ಅವರ ಉಪಕಾರ ದೊಡ್ಡದು. ಒಂದೇ ಎಚ್ಚರಿಕೆ. 1752ರವರೆಗೆ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. 1740ರ ಫೆಬ್ರವರಿ ಅಂತ ಪುಸ್ತಕದಲ್ಲಿದ್ದರೆ ಅದು ನಮ್ಮ ಲೆಕ್ಕದಲ್ಲಿ 1741.

ಈಗ ನನ್ನನ್ನು ಕಾಡುತ್ತಿರುವುದು ಬೇರೆ. ಉತ್ತರ ಕರ್ನಾಟಕದ ಗೆಳತಿಯೊಬ್ಬಳು ಹೇಳುತ್ತಾಳೆ, ಅವರ ಮನೆಗೆ ಹೆಳವರು ಬಂದು ಏಳೆಂಟು ತಲೆಮಾರಿನ ಹೆಸರು ಓದಿ ಹೋಗುತ್ತಾರೆ ಅಂತ. ಕ್ಯಾಂಬೋರ್ನ್ ಕಡೆ ನನಗೂ ಅಷ್ಟು ಸಿಕ್ಕಿತು. ತಾತ ಕೋಲಾರದಲ್ಲಿ ಮದುವೆಯಾದ ಆ ಅಜ್ಜಿಯ ಕಡೆ ಹಾಗಲ್ಲ. ಅವರ ಅಪ್ಪ ಬೆಂಗಳೂರಿನಲ್ಲಿ ರೈಲ್ವೆ ನೌಕರ. ಅವರಪ್ಪ ದಂಡು ಪ್ರದೇಶದಲ್ಲಿದ್ದ ಸಿಪಾಯಿ, ಐರ್ಲೆಂಡಿನವನು. ಮದುವೆಯಾದದ್ದು 1850ರ ದಶಕದಲ್ಲಿ. ಆ ಮದುವೆಯ ಸಾಲಿನಲ್ಲಿ ಗಂಡಿನ ಹೆಸರು, ರೆಜಿಮೆಂಟು, ಅಪ್ಪನ ಹೆಸರು ಎಲ್ಲ ಇದೆ. ಹೆಣ್ಣಿನದು ಒಂದೇ ಪದ, ಅದೂ ದೀಕ್ಷಾಸ್ನಾನದಲ್ಲಿ ಕೊಟ್ಟ ಇಂಗ್ಲಿಷ್ ಹೆಸರು. ಅವಳ ಅಪ್ಪನ ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ.

"ಆ ಅಮ್ಮ ನಮ್ಮ ಕಡೆಯೋಳೇ ಅಲ್ವಾ? ಯಾವ ಊರಿಂದ ಬಂದಿದ್ಲೋ" ಅಂತ ಅತ್ತೆ ಕಳೆದ ವಾರ ಕೇಳಿದರು. ಲಂಡನ್‌ಗೆ ಹೋದದ್ದು ನಕಲು ಪ್ರತಿ ಮಾತ್ರ. ಮೂಲ ಪುಸ್ತಕ ಚರ್ಚಿನಲ್ಲೇ ಉಳಿದಿದ್ದರೆ, ಮದುವೆಗೆ ಮೊದಲು ಅವಳಿಗೆ ದೀಕ್ಷಾಸ್ನಾನ ಕೊಟ್ಟ ದಿನದ ಸಾಲು ಅದರಲ್ಲಿ ಇರಬೇಕು. ಅಂಚಿನಲ್ಲಿ ಪಾದ್ರಿ ಅವಳ ಹಳೇ ಹೆಸರನ್ನೋ ಊರನ್ನೋ ಗೀಚಿರಬಹುದು. ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬರುತ್ತಿದ್ದೇನೆ. ಚರ್ಚಿಗೆ ಪತ್ರ ಬರೆದಾಗಿದೆ. ಅತ್ತೆ ತಾವೂ ಬರುತ್ತೇನೆ ಅಂದಿದ್ದಾರೆ, ಆಟೋ ಬೇಡ, ಕಾರು ಮಾಡು ಅಂದಿದ್ದಾರೆ.